ದಕ್ಷಿಣ ಆಫ್ರಿಕಾದ ಲೇಖಕ ಆಂದ್ರೇ ಬ್ರಿಂಕ್ ಕಾದಂಬರಿಗಳನ್ನು ಯಾವುದರಿಂದ ಶುರು ಮಾಡಲಿ? ಇಂಗ್ಲಿಷಿನಲ್ಲಿ ಓದಿದರೆ ಆಫ್ರಿಕಾನ್ಸ್ (ಡಚ್ಚಿನಿಂದ ಹುಟ್ಟಿದ ಅಲ್ಲಿನ ಭಾಷೆ) ಮೂಲ ಕೈತಪ್ಪುತ್ತದೆಯೇ?

'ಎ ಡ್ರೈ ವೈಟ್ ಸೀಸನ್'ನಿಂದ ಶುರು ಮಾಡಿ, ಇಂಗ್ಲಿಷಿನಲ್ಲೇ ಓದಿ. ಅದು ಇನ್ಯಾರೋ ಮಾಡಿದ ಅನುವಾದವಲ್ಲ, ಬ್ರಿಂಕ್ ಅವರೇ ಬರೆದದ್ದು.

ಎರಡು ಭಾಷೆಯಲ್ಲಿ ಬರೆಯುವ ಹಾಗೆ ಮಾಡಿದ್ದು ದಕ್ಷಿಣ ಆಫ್ರಿಕಾದ ಸೆನ್ಸಾರ್. ಪ್ಯಾರಿಸ್ಸಿನಲ್ಲಿ ಓದಿ ಬಂದ ಬ್ರಿಂಕ್ (1935–2015) ಅರವತ್ತರ ದಶಕದಲ್ಲಿ ತಂತ್ರ, ಪ್ರಯೋಗಗಳಲ್ಲೇ ಮುಳುಗಿದ್ದರು. 1968ರಲ್ಲಿ ಮತ್ತೆ ಅಲ್ಲಿದ್ದಾಗ ವಿದ್ಯಾರ್ಥಿ ದಂಗೆ ಕಂಡ ಮೇಲೆ ಬರವಣಿಗೆ ರಾಜಕೀಯಕ್ಕೆ ತಿರುಗಿತು. 1973ರ 'ಕೆನ್ನಿಸ್ ಫಾನ್ ದೀ ಆಂಟ್' ಮರುವರ್ಷವೇ ನಿಷೇಧವಾಯಿತು. ಅಪಾರ್ಥೈಡ್ (ವರ್ಣಭೇದ ನೀತಿಯ) ಸರ್ಕಾರ ನಿಷೇಧಿಸಿದ ಮೊದಲ ಆಫ್ರಿಕಾನ್ಸ್ ಕಾದಂಬರಿ ಅದು. ಆ ಭಾಷೆಯ ಓದುಗರು ಬಹುಪಾಲು ಆ ದೇಶದಲ್ಲೇ ಇದ್ದವರು. ಅಲ್ಲಿ ಮಾರುವಂತಿಲ್ಲ ಎಂದರೆ ಪುಸ್ತಕ ಸತ್ತಂತೆಯೇ. ಹಾಗಾಗಿ ತಾವೇ ಅದನ್ನು 'ಲುಕಿಂಗ್ ಆನ್ ಡಾರ್ಕ್‌ನೆಸ್' ಎಂದು ಇಂಗ್ಲಿಷಿಗೆ ತಂದರು. ಮುಂದೆ ಎರಡೂ ಭಾಷೆಯಲ್ಲಿ ತಾವೇ ಬರೆಯುವುದು ರೂಢಿಯಾಯಿತು. ಎರಡು ಪ್ರತಿಗಳನ್ನು ಸಾಲಿಗೆ ಸಾಲು ಹೋಲಿಸಲು ಹೊರಟರೆ ಮಾತ್ರ ಸುಸ್ತಾಗುತ್ತೀರಿ, ಅವು ಹೊಂದುವುದಿಲ್ಲ.

'ಡ್ರೈ ವೈಟ್ ಸೀಸನ್' 1979ರದು. ಜೊಹಾನ್ಸ್‌ಬರ್ಗ್ ಪಕ್ಕದ ಕರಿಯರ ಬಡಾವಣೆ ಸೊವೆಟೊದಲ್ಲಿ ನಡೆದ ದಂಗೆಯ ನಂತರ ಪೊಲೀಸ್ ವಶದಲ್ಲಿ ಸತ್ತ ಶಾಲಾ ಜವಾನನ ಬಗ್ಗೆ ಅದೇ ಶಾಲೆಯ ಬಿಳಿಯ ಮೇಷ್ಟ್ರು ಬೆನ್ ಡು ಟಾಯ್ಟ್ ಸತ್ಯ ಹುಡುಕುತ್ತ ಹೋಗುತ್ತಾನೆ. ಆಫ್ರಿಕಾನ್ಸ್ ಪ್ರತಿಯನ್ನು ಟಾರಸ್ ಎಂಬ ಸಣ್ಣ ಪ್ರಕಾಶನ ಗುಟ್ಟಾಗಿ ಅಚ್ಚು ಹಾಕಿಸಿ, ಸೆನ್ಸಾರಿನವರ ಕೈಗೆ ಸಿಗುವ ಮೊದಲೇ ಚಂದಾದಾರರಿಗೆ ತಲುಪಿಸಿತ್ತು. ಶುರುವಿನಲ್ಲಿ ಮಾತಾಡುವವನು ಬೆನ್ ಅಲ್ಲ, ಅಗ್ಗದ ಪ್ರೇಮಕಥೆ ಬರೆಯುವ ಅವನ ಹಳೆಯ ಗೆಳೆಯ. ಅಲ್ಲೇ ಬೇಸತ್ತು ಪುಟ ಹಾರಿಸುವವರಿದ್ದಾರೆ. ಹಾರಿಸಬೇಡಿ. 'ನನಗ್ಯಾಕೆ ಈ ಉಸಾಬರಿ' ಎನ್ನುವ ಆ ಮನುಷ್ಯನ ಕೈಗೇ ಬೆನ್‌ನ ಕಾಗದಪತ್ರ ಬೀಳುವುದು ಕಾದಂಬರಿಯ ಜೀವ. 1989ರ ಸಿನಿಮಾ ಚೆನ್ನಾಗಿದೆ, ಆದರೆ ಅದರ ಕೊನೆ ಬೇರೆ. ಮೊದಲು ಪುಸ್ತಕವೇ ಆಗಲಿ.

ಎರಡನೆಯದು 'ಎ ಚೇನ್ ಆಫ್ ವಾಯ್ಸಸ್' (1982). ನನ್ನ ಪ್ರಕಾರ ಅವರ ಅತ್ಯುತ್ತಮ ಕೃತಿ. 1825ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನ ಬೊಕ್ಕೆಫೆಲ್ಡ್‌ನಲ್ಲಿ ನಿಜಕ್ಕೂ ನಡೆದ ಗುಲಾಮರ ಬಂಡಾಯ ಇದರ ವಸ್ತು. ದೋಷಾರೋಪದಿಂದ ಶುರುವಾಗಿ ತೀರ್ಪಿನಲ್ಲಿ ಮುಗಿಯುತ್ತದೆ. ನಡುವೆ ಗುಲಾಮರು, ಒಡೆಯರು, ಹೆಂಗಸರು ಸರದಿಯಲ್ಲಿ ಮಾತಾಡುತ್ತಾರೆ. ಯಾರು ಯಾರ ಮಗ, ಯಾರು ಯಾವ ಹೊಲದವರು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳದಿದ್ದರೆ ಐವತ್ತು ಪುಟದೊಳಗೆ ಗೊಂದಲ ಗ್ಯಾರಂಟಿ.

ದಪ್ಪ ಪುಸ್ತಕ ಆಗದವರಿಗೆ 'ಫಿಲಿಡಾ' (2012) ಇದೆ. ಬ್ರಿಂಕ್ ತಮ್ಮ ಪೂರ್ವಜರ ಮನೆತನದ ಗುಲಾಮ ಹೆಂಗಸಿನ ಕಥೆಯನ್ನೇ ಅದರಲ್ಲಿ ಹೇಳಿದ್ದಾರೆ. 'ಲುಕಿಂಗ್ ಆನ್ ಡಾರ್ಕ್‌ನೆಸ್' ಹೆಸರುವಾಸಿ ಎಂದು ಅದನ್ನೇ ಮೊದಲು ಎತ್ತಿಕೊಳ್ಳಬೇಡಿ. ಉದ್ದ, ಆವೇಶ ಎರಡೂ ಹೆಚ್ಚು. ಅರ್ಧಕ್ಕೆ ಬಿಟ್ಟವರು ಬ್ರಿಂಕ್ ಕಡೆಗೆ ಮತ್ತೆ ತಿರುಗಿ ನೋಡುವುದಿಲ್ಲ.