ಗಟ್ಟಿಗಿತ್ತಿ ಹೊಲಿದ ಕೌದಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕಲೆಯ ಮೂಲಕ ಆಪ್ತಸಮಾಲೋಚನೆ ಮಾಡುವ ನನ್ನ ಬಳಿಗೆ ಅಟ್ಲಾಂಟಾದಲ್ಲಿ ಬಂದ ಆಕೆ ನಲವತ್ತು ದಾಟಿದ ಕಪ್ಪುವರ್ಣೀಯ ದಾದಿ. ತಾಯಿ ತೀರಿಕೊಂಡು ಎಂಟು ತಿಂಗಳಾಗಿದ್ದರೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನಿದ್ದೆ ಹಾರಿಹೋಗಿತ್ತು, ರಕ್ತದೊತ್ತಡ ಏರಿತ್ತು. ಎದೆ ಬಿಗಿಯುತ್ತದೆ ಎಂದಾಗ ವೈದ್ಯರೊಬ್ಬರು ಬರೀ ಸುಸ್ತು ಎಂದು ಹೇಳಿ ಕಳುಹಿಸಿದ್ದರು.

“ನಮ್ಮ ಮನೆಯ ಹೆಂಗಸರು ಅಳುವುದಿಲ್ಲ” ಎಂದರು.

ಗಟ್ಟಿಗಿತ್ತಿ ಎನ್ನುವುದು ನಮ್ಮಲ್ಲೂ ಹೊಗಳಿಕೆಯೇ. ಅಮೆರಿಕದ ಕಪ್ಪು ಮಹಿಳೆಯರಿಗೆ ಅದು ಗುಲಾಮಗಿರಿಯ ಕಾಲದಿಂದ ಹೊರಿಸಿದ ಹೊರೆ. ನೋವು ಎಂದರೂ ನಂಬುವವರು ಕಡಿಮೆ. ಅಲ್ಲಿನ ವಯಸ್ಕ ಕಪ್ಪು ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಹಾಗಾಗಿ ನನ್ನ ಮೊದಲ ಸಲಹೆಯಲ್ಲಿ ಕಲೆಯ ಮಾತೇ ಇರಲಿಲ್ಲ: ಬೇರೆ ವೈದ್ಯರನ್ನು ಕಾಣಿ, ಅಕ್ಕನನ್ನು ಜೊತೆಗೆ ಕರೆದೊಯ್ಯಿರಿ, ಎದೆಬಿಗಿತವನ್ನು ಕಡತದಲ್ಲಿ ಬರೆಸಿ, ಮಾತ್ರೆ ತಪ್ಪಿಸಬೇಡಿ.

ಮೂರನೆಯ ಭೇಟಿಯಲ್ಲಿ, ಅಜ್ಜಿ ಅಲಬಾಮಾದವರು ಎಂಬ ಮಾತು ಬಂತು. ನಾನು ಅಲ್ಲಿನ ಗೀಸ್ ಬೆಂಡ್ ಹಳ್ಳಿಯ ಕೌದಿಗಳ ಮಾತು ತೆಗೆದೆ. 1942ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬಾಕೆ ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಹೊಲಿದಿದ್ದರು. ಆಫ್ರಿಕಾ ಮೂಲದವರೇ ಆದ ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರೂ ಹಳೆಯ ಬಟ್ಟೆಯಲ್ಲಿ ಕೌದಿ ಹೊಲಿಯುತ್ತಾರೆ, ಮೂಲೆಗಳಿಗೆ ‘ಫೂಲ’ (ಹೂ) ಎಂಬ ಮಡಿಚಿದ ಬಟ್ಟೆಯ ತ್ರಿಕೋನ ಕೂರಿಸದೆ ಕೆಲಸ ಮುಗಿಯಿತು ಎನ್ನುವುದಿಲ್ಲ ಎಂದೆ. ಆಕೆ ತುಸು ಹೊತ್ತು ಸುಮ್ಮನಿದ್ದರು.

“ಅಮ್ಮನ ಬಟ್ಟೆಗಳು ಇನ್ನೂ ನನ್ನ ಕಾರಿನ ಡಿಕ್ಕಿಯಲ್ಲೇ ಇವೆ.”

ದಿನಕ್ಕೆ ಅರ್ಧ ಗಂಟೆ ಸಾಕು ಎಂದೆ. ಅಂದ ನೋಡಬೇಡಿ, ಹೊಲಿಗೆ ಸೊಟ್ಟಗಾದರೆ ಬಿಚ್ಚಬೇಡಿ. ಒಬ್ಬರೇ ಕೂರುವುದು ಮಾತ್ರ ಬೇಡ. ನಿಮ್ಮ ಚರ್ಚಿನ ಹೊಲಿಗೆ ಗುಂಪಿಗೆ ಹೋಗಿ. ಸೂಜಿ ಹಿಡಿದವರ ಕಣ್ಣು ಬಟ್ಟೆಯ ಮೇಲಿರುತ್ತದೆ, ಎದುರಿನವರ ಮುಖದ ಮೇಲಲ್ಲ. ನೇರವಾಗಿ ಕೇಳಿದರೆ ಬಾಯಿ ಬಿಡದವರೂ ಅಲ್ಲಿ ಮಾತಾಡುವುದನ್ನು ನಾನು ಕಂಡಿದ್ದೇನೆ. ಅಳು ಬಂದರೆ ಸೂಜಿ ಕೆಳಗಿಡಿ, ತಡೆಯಬೇಡಿ.

ಎರಡು ವಾರ ಕತ್ತರಿ ಏಳಲಿಲ್ಲ. ಕೊನೆಗೆ ಅಮ್ಮನ ನೀಲಿ ಏಪ್ರನ್ ಬಿಡಿಸಿದಾಗ ಜೇಬಿನಲ್ಲಿ ಪೆಪ್ಪರ್‌ಮಿಂಟಿನ ಕಾಗದ ಸಿಕ್ಕಿತಂತೆ, ಪ್ರಾರ್ಥನೆಯ ನಡುವೆ ಅಮ್ಮ ಮಕ್ಕಳ ಕೈಗೆ ಗುಟ್ಟಾಗಿ ಕೊಡುತ್ತಿದ್ದ ಮಿಠಾಯಿಯದ್ದು. ಆರು ಹೆಂಗಸರ ನಡುವೆ ಕುಳಿತು ಆಕೆ ಅತ್ತರು. ಯಾರೂ ಸಮಾಧಾನ ಹೇಳಲಿಲ್ಲವಂತೆ. ಪಕ್ಕದವರು ಆಕೆಯ ಕೈಯಲ್ಲಿದ್ದ ತುಂಡನ್ನು ತೆಗೆದುಕೊಂಡು ಹೊಲಿಗೆ ಮುಂದುವರಿಸಿದರು.

ಹೊಸ ವೈದ್ಯೆ ಮಾತ್ರೆ ಬದಲಿಸಿದ್ದಾರೆ, ರಕ್ತದೊತ್ತಡದ ಮೇಲೆ ಕಣ್ಣಿಟ್ಟಿದ್ದಾರೆ. ದಾದಿ ಏಪ್ರನ್ನಿನ ಜೇಬನ್ನು ಬಿಚ್ಚದೆ ಕೌದಿಯ ನಡುವೆ ಹಾಗೇ ಹೊಲಿದಿದ್ದಾರೆ, ಕಾಗದದ ಸಮೇತ. ಮೂಲೆಗಳಿಗೆ ಫೂಲ ಕೂರಿಸುವುದು ಇನ್ನೂ ಬಾಕಿ.