ಎರಡು ರಾಜ್ಯದ ಅವಕಾಶ ಇದೆಯಲ್ಲ ಅಂತ ಕೇಳಿದವರಿಗೆ

ಆಚೆ ಕರ್ನಾಟಕ, ಈಚೆ ಕೇರಳ, ಕಾಸರಗೋಡಿನವರಿಗೆ ಎರಡೂ ಕಡೆ ಓದಬಹುದು, ಎರಡೂ ಕಡೆ ಕೆಲಸ ಹುಡುಕಬಹುದು ಅಲ್ವಾ ಅಂತ ಕೇಳಿದ್ದೀರಿ. ಬೆಂಗಳೂರಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಕೆಲವರ ಪಾಲಿಗೆ ಅದು ನಿಜವೂ ಹೌದು. ಯಾರ ಪಾಲಿಗೆ ನಿಜ, ಯಾರ ಪಾಲಿಗೆ ಅಲ್ಲ ಅನ್ನುವುದನ್ನು ನಮ್ಮ ಕ್ಲಾಸಿನ ಕಥೆಯಿಂದಲೇ ಹೇಳುತ್ತೇನೆ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸುಗಳಲ್ಲಿ ಮಲಯಾಳಂ.

ಮೊದಲು ಜಾಗದ ವಿಷಯ ಹೇಳಬೇಕು, ಉಳಿದದ್ದೆಲ್ಲ ಅಲ್ಲಿಂದಲೇ ಶುರು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. 1970ರ ಜನವರಿ 1ರಿಂದ ಭೂಸುಧಾರಣೆ ಜಾರಿಗೆ ಬಂತು. ಗೇಣಿಗೆ ತೋಟ ಮಾಡುತ್ತಿದ್ದ ಒಕ್ಕಲು ಮನೆಗಳಿಗೆ ಆ ತೋಟವೇ ಸಿಕ್ಕಿತು. ಆದರೆ ತೋಟದಲ್ಲಿ ಕೂಲಿ ಮಾಡಿ ಅದರ ಮೂಲೆಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರನ್ನು ಕಾನೂನು ಕುಡಿಕಿಡಪ್ಪುಕಾರರು ಅಂತ ಕರೆಯಿತು. ಅವರಿಗೆ ಪಂಚಾಯತ್ ಪ್ರದೇಶದಲ್ಲಿ ಸಿಗುತ್ತಿದ್ದದ್ದು ಹೆಚ್ಚೆಂದರೆ 10 ಸೆಂಟ್ಸ್, ಅಂದರೆ ಎಕರೆಯ ಹತ್ತನೇ ಒಂದು ಪಾಲು. ನನ್ನ ಅಜ್ಜನಿಗೆ ಸಿಕ್ಕಿದ್ದು ಅದು. ಧಣಿಗಳು ಎಬ್ಬಿಸಿ ಕಳಿಸುತ್ತಾರೆ ಅನ್ನುವ ಹೆದರಿಕೆ ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ಮನೆ, ಬಾವಿ, ನಾಲ್ಕು ತೆಂಗಿನ ಮರ, ಅಲ್ಲಿಗೆ ಜಾಗ ಮುಗಿಯಿತು. ತೋಟ ಸಿಕ್ಕಿದವರ ಮಕ್ಕಳು ಅಡಿಕೆ ಮಾರಿ ಓದಿದರು. 10 ಸೆಂಟ್ಸಿನವರ ಮಕ್ಕಳು ಅದೇ ಅಡಿಕೆ ಸುಲಿಯಲು ಹೋದರು.

ನನ್ನ ಬೆಂಚಿನ ಗೆಳೆಯ ಅಂಥ ತೋಟದ ಮನೆಯವನು. ಒಳ್ಳೆಯ ಹುಡುಗ, ಈಗಲೂ ಫೋನ್ ಮಾಡುತ್ತಾನೆ. ಎಸ್‌ಎಸ್‌ಎಲ್‌ಸಿಯಲ್ಲಿ ನನಗೇ ಅವನಿಗಿಂತ ಜಾಸ್ತಿ ಮಾರ್ಕು. ಅವನಿಗೆ ಮಂಗಳೂರಿನಲ್ಲಿ ಸೋದರಮಾವ ಇದ್ದರು. ಮಾವನ ಮನೆಯಲ್ಲೇ ಇದ್ದು ಪಿಯುಸಿ, ಆಮೇಲೆ ಎಂಜಿನಿಯರಿಂಗ್.

ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅಂತ ಒಂದು ದಾರಿ ಇದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ವಾಸವಿದ್ದು, ಇಲ್ಲೇ ಏಳು ವರ್ಷ ಓದಿ, ಮನೆಮಾತು ಕನ್ನಡವೋ ತುಳುವೋ ಆಗಿದ್ದರೆ ಅರ್ಜಿ ಹಾಕಬಹುದು, ಒಂದು ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಒಳ್ಳೆಯ ವ್ಯವಸ್ಥೆ, ಇರಲೇಬೇಕು. ಆದರೆ ಇಂಥದ್ದೊಂದು ಇದೆ ಅಂತ ಹೇಳುವವರು ಬೇಕು. ಯಾವ ದಾಖಲೆಗೆ ಯಾರ ಸಹಿ ಅಂತ ತಿಳಿದವರು ಬೇಕು. ಗೆಳೆಯನ ಮನೆಯಲ್ಲಿ ಇಬ್ಬರು ಮಾಷ್ಟ್ರುಗಳಿದ್ದರು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ಪಾಸಾದ ಮೊದಲನೆಯವನೇ ನಾನು. ನನಗೆ ಈ ದಾರಿ ಗೊತ್ತಾಗುವಾಗ ನನ್ನ ಡಿಗ್ರಿ ಮುಗಿದಿತ್ತು.

ಇನ್ನೊಂದು ತೊಡಕು ಹೇಳುತ್ತೇನೆ. ನಮಗೆ ಕೇರಳದಲ್ಲಿ ಮೀಸಲಾತಿ ಇದೆ. ಆದರೆ ಒಂದು ರಾಜ್ಯದ ಜಾತಿ ಸರ್ಟಿಫಿಕೇಟು ಸಾಮಾನ್ಯವಾಗಿ ಇನ್ನೊಂದು ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲ. ಗಡಿ ದಾಟಿದರೆ ಭಾಷೆ ನಮ್ಮದು, ಮೀಸಲಾತಿ ಇಲ್ಲ. ದಾಟದಿದ್ದರೆ ಮೀಸಲಾತಿ ಇದೆ, ಭಾಷೆ ನಮ್ಮದಲ್ಲ. ಮೀಸಲಾತಿಯೇ ಬೇಡದ ಮನೆಯವರಿಗೆ ಈ ಸಂಕಟ ಇಲ್ಲವಲ್ಲ.

ಸರ್ಕಾರಿ ಕೆಲಸಕ್ಕೆ ಬರೆಯುವ ಕೇರಳದ ಪಿಎಸ್‌ಸಿ ಪರೀಕ್ಷೆಗೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೆ ಅಂತಲೇ ಕ್ಲರ್ಕ್ ಹುದ್ದೆಗಳೂ ಇವೆ. ಆದರೆ ನನಗೆ ಸಿಕ್ಕಿದ ಕೋಚಿಂಗ್ ಕ್ಲಾಸು, ಗೈಡು, ಎಲ್ಲವೂ ಮಲಯಾಳಂ. ದುಡ್ಡಿದ್ದವರು ಸಣ್ಣದರಲ್ಲೇ ಟ್ಯೂಷನ್ ಹಾಕಿ ಮಕ್ಕಳಿಗೆ ಮಲಯಾಳಂ ಕಲಿಸಿದರು. ನಾನು ಕಲಿತದ್ದು ಕಾಸರಗೋಡಿನ ಒಂದು ಬಟ್ಟೆ ಅಂಗಡಿಯಲ್ಲಿ, ಲೆಕ್ಕ ಬರೆಯುವ ಕೆಲಸ ಮಾಡುತ್ತಾ. ಬಸ್ಸಿನ ಬೋರ್ಡು, ಸಿನೆಮಾ ಪೋಸ್ಟರು, ಬಿಲ್ಲು, ಕಂಡದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಸರ್ಕಾರಿ ಕೆಲಸ ಸಿಗುವಾಗ ನನಗೆ 31 ವರ್ಷ. ಗೆಳೆಯ ಅಷ್ಟರಲ್ಲಿ ಬೆಂಗಳೂರಿನಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದ.

ಕಷ್ಟಪಟ್ಟು ಮೇಲೆ ಬಂದ ಅಂತ ಊರಿನಲ್ಲಿ ನನ್ನನ್ನು ತೋರಿಸಿ ಮಕ್ಕಳಿಗೆ ಹೇಳುತ್ತಾರೆ. ನನಗೆ ಆಗ ಮುಖ ಎತ್ತಲು ಆಗುವುದಿಲ್ಲ, ಯಾಕೆಂದರೆ ಕಷ್ಟಪಟ್ಟವಳು ಅಕ್ಕ. ಬೀಡಿ ಕಟ್ಟುತ್ತಿದ್ದ ಅಮ್ಮನಿಗೆ ಬೆನ್ನು ನೋವು ಶುರುವಾದಾಗ ಅಕ್ಕ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತಳು. ತೊಡೆಯ ಮೇಲೆ ತಡ್ಪೆ (ಮೊರ), ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಎಲೆಯನ್ನು ಕತ್ತರಿಸಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಿ ಮುಗಿಸುವ ತನಕ ತಲೆ ಎತ್ತುತ್ತಿರಲಿಲ್ಲ. ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ತೆಗೆದುಕೊಂಡು ಹೋದರೆ ಅಲ್ಲಿ ಕೆಲವು ಕಟ್ಟುಗಳನ್ನು ಸರಿಯಿಲ್ಲ ಅಂತ ಬದಿಗೆ ತೆಗೆಯುತ್ತಿದ್ದರು, ಅದಕ್ಕೆ ಕೂಲಿ ಇಲ್ಲ. ನನ್ನ ಕಾಲೇಜಿನ ಬಸ್ಸಿನ ದುಡ್ಡು, ಫೀಸು ಬಂದದ್ದು ಆ ತಡ್ಪೆಯಿಂದ. ಅಮ್ಮನ ಬೀಡಿ ಕಾರ್ಮಿಕರ ಕಾರ್ಡಿನ ಮೇಲೆ ನನಗೊಂದು ಸ್ಕಾಲರ್‌ಶಿಪ್ ಕೂಡ ಬಂತು. ಒಬ್ಬ ಮೇಲೆ ಹೋಗಲು ಇನ್ನೊಬ್ಬಳು ಕೆಳಗೇ ಉಳಿಯಬೇಕಾಯಿತು. ನಮ್ಮಂಥ ಮನೆಗಳಲ್ಲಿ ಹಾಗೆ ಉಳಿದವರು ಹೆಚ್ಚಾಗಿ ಹೆಣ್ಣುಮಕ್ಕಳೇ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈಗ ಅಕ್ಕನ ಮಗಳು ಪ್ಲಸ್ ಟುವಿನಲ್ಲಿದ್ದಾಳೆ. ಲೆಕ್ಕದಲ್ಲಿ ಜೋರು. ಸಿಇಟಿಗೆ ಬೇಕಾದ ಕಾಗದಗಳನ್ನು ಈ ವರ್ಷ ಮೊದಲೇ ಜೋಡಿಸುತ್ತಿದ್ದೇನೆ, ನನಗೆ ಗೊತ್ತಿಲ್ಲದೆ ಹೋದ ಹಾಗೆ ಅವಳಿಗೆ ಆಗಬಾರದು. ಮೊನ್ನೆ ಫಾರಂ ಎಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದಾಗ ಅಕ್ಕ ಕೇಳಿದ್ದು ಒಂದೇ, "ಹಾಸ್ಟೆಲಿಗೆ ಎಷ್ಟಾಗ್ತದೆ?" ನಾನು ನೋಡಿಕೊಳ್ತೇನೆ ಅಂದೆ. ಮಂಗಳೂರಿನಲ್ಲಿ ನಮಗೆ ಸೋದರಮಾವ ಇಲ್ಲ. ನಿಮ್ಮ ಪರಿಚಯದವರು ಯಾರಾದರೂ ಅಲ್ಲಿದ್ದರೆ, ಹುಡುಗಿಯರಿಗೆ ಕಡಿಮೆ ಬಾಡಿಗೆಯಲ್ಲಿ ಇರಲು ಒಳ್ಳೆಯ ಜಾಗ ಗೊತ್ತಿದ್ದರೆ, ದಯವಿಟ್ಟು ತಿಳಿಸಿ.