ಉದ್ರಿ ಪುಟದ ಮಡಿಸಿದ ಮೂಲೆ

ಅಂಕೋಲೆಯ ಓದುಗರೊಬ್ಬರ ಪತ್ರ: "ಊರ ಅಂಗಡಿಯ ಬಗ್ಗೆ ನೀವು ಬರೆದದ್ದು ಓದಿ ಖುಷಿಯಾಯ್ತು. ಆದರೆ ನಮ್ಮೂರ ಅಂಗಡಿಯವ ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಅಂಟಿಸುತ್ತಿದ್ದ. ಈಗ ತೂಕ, ದರ ಎರಡೂ ಪೊಟ್ಟಣದ ಮೇಲೇ ಇರುತ್ತವೆ. ಚಿಕ್ಕಂದಿನದು ಅಂತ ಎಲ್ಲವನ್ನೂ ಹೊಗಳಬೇಡಿ."

ಉತ್ತರ: ತೂಕದ ಮಾತು ನಿಜ. ಮೋಸ ಮಾಡುವವರು ಆಗಲೂ ಇದ್ದರು, ಒಪ್ಪಿದೆ. ಆದರೆ ಅಂಗಡಿ ಅಂದರೆ ಬರೀ ತಕ್ಕಡಿ ಅಲ್ಲ, ಅಲ್ವಾ?

ನಾನು ಬೆಳೆದದ್ದು ಕುಮಟೆಯ ಹತ್ತಿರ, ಅಘನಾಶಿನಿಯ ದಂಡೆಯಲ್ಲಿ. ನಮ್ಮೂರ ಅಂಗಡಿಯ ಜಗಲಿಯ ಮೇಲೆ ಸಾಣಿಕಟ್ಟೆ ಉಪ್ಪಿನ ಮರದ ಪೆಟ್ಟಿಗೆ. ಮಳೆ ಹಿಡಿದರೆ ಅದರ ಬುಡದಿಂದ ನೀರು ಒಸರುತ್ತಿತ್ತು. ಒಳಗೆ ಬೆಲ್ಲ, ಒಣಮೆಣಸು, ಚಿಮಣಿ ಎಣ್ಣೆ ಎಲ್ಲ ಕೂಡಿ ಒಂದೇ ವಾಸನೆ. ನಯಾ ಪೈಸೆ ಬಂದದ್ದು 1957ರಲ್ಲಿ. ಹತ್ತು ವರ್ಷ ಕಳೆದರೂ ಅಂಗಡಿಯವರು 25 ಪೈಸೆಗೆ ನಾಲ್ಕಾಣೆ ಅಂತಲೇ ಹೇಳುತ್ತಿದ್ದರು. ಎರಡೂ ಲೆಕ್ಕ ನಾನು ಕಲಿತದ್ದು ಅಲ್ಲೇ, ಶಾಲೆಯಲ್ಲಲ್ಲ.

ಈಗ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಮೀನಿಗೆ ಕಡಲಿಗಿಳಿಯಬಾರದು ಅಂತ ಸರ್ಕಾರ ಹೇಳುತ್ತದೆ. ಆಗ ಕಡಲೇ ಹೇಳುತ್ತಿತ್ತು. ದೋಣಿ ದಡದಲ್ಲಿ, ಮನೆಯ ಅಕ್ಕಿ ಖಾಲಿ. ಘಟ್ಟದ ಮೇಲೆ ಶಿರಸಿ ಕಡೆಯೂ ಅಷ್ಟೇ. ಅಡಿಕೆ ಕೊಯ್ದು, ಒಣಗಿಸಿ, ಮಾರುವ ತನಕ ಕೈಯಲ್ಲಿ ಕಾಸಿಲ್ಲ. ಆ ತಿಂಗಳುಗಳಲ್ಲಿ ಊರಿಗೆ ಊಟ ಹಾಕಿದ್ದು ಅಂಗಡಿಯ ಉದ್ರಿ ಪುಸ್ತಕ.

ಒಂದು ಮಳೆಗಾಲ ಅಪ್ಪ ಹಾಸಿಗೆ ಹಿಡಿದಿದ್ದರು. ಅಮ್ಮ ನನ್ನ ತಲೆಗೆ ಕೊಪ್ಪೆ ಹಾಕಿ ಕಳಿಸುತ್ತಿದ್ದಳು. ಅಂಗಡಿಯವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು 'ಅಕ್ಕಿ 2 ಸಿದ್ದೆ' ಅಂತ ಬರೆದುಕೊಳ್ಳುತ್ತಿದ್ದರು. ಅಪ್ಪ ಹೇಗಿದ್ದಾರೆ ಅಂತ ಕೇಳುತ್ತಿದ್ದರು. ದುಡ್ಡು ಯಾವಾಗ ಅಂತ ಒಂದು ದಿನವೂ ಕೇಳಲಿಲ್ಲ. ಸುಗ್ಗಿ ಬಂತು, ನಾವು ಕೊಡಲಿಲ್ಲ. ನಮ್ಮ ಪುಟದ ಮೂಲೆ ಮಡಿಸಿ, ಹೊಸ ಪುಟ ತೆಗೆದರು. ಅಮ್ಮ ಎರಡು ವರ್ಷ ತೆಂಗಿನಕಾಯಿ ಕೊಟ್ಟು ತೀರಿಸಿದಳು. ತೀರಿದ ದಿನವೇ ಅಂಗಡಿಯವರು ನನ್ನ ಎದುರಿಗೆ ಆ ಮೂಲೆಯನ್ನು ಬೆರಳಿನಿಂದ ತಿಕ್ಕಿ ತಿಕ್ಕಿ ನೇರ ಮಾಡಿದರು.

ಈಗ ಸಾಲ ಕೊಡುವ ಆ್ಯಪ್‌ಗಳಿವೆ. ಐದು ನಿಮಿಷದಲ್ಲಿ ದುಡ್ಡು. ನನಗೆ ಗೊತ್ತಿರುವ ಹುಡುಗನೊಬ್ಬ ಒಂದು ಕಂತು ತಪ್ಪಿಸಿದ್ದಕ್ಕೆ ಅವನ ಫೋನಿನಲ್ಲಿದ್ದ ನೆಂಟರಿಗೆಲ್ಲ ಕರೆ ಹೋಯಿತು. ಅವನ ಅಜ್ಜಿಗೂ! ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಯಾರೂ ಕೇಳಲಿಲ್ಲ. ಇದನ್ನು ಮುಂದುವರಿದ ಕಾಲ ಅಂತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಮಕ್ಕಳನ್ನು ಒಂದು ಬೆಂಕಿಪೆಟ್ಟಿಗೆ ತರಲಿಕ್ಕೂ ಕಳಿಸುವುದಿಲ್ಲ ನಾವು. ಇನ್ನು ನಂಬಿಕೆ ಅಂದರೇನು ಅಂತ ಅವರು ಎಲ್ಲಿ ನೋಡಬೇಕು?

ನೀವು ಅಂಕೋಲೆಯವರು. 1930ರ ಏಪ್ರಿಲ್ 13ರಂದು ಉಪ್ಪಿಗಾಗಿ ಕಾನೂನು ಮುರಿದ ಊರು ನಿಮ್ಮದು. ಹಿಡಿ ಉಪ್ಪು ಸಣ್ಣ ಮಾತಲ್ಲ ಅಂತ ನಿಮಗೆ ನಾನು ಹೇಳಬೇಕಾ? ತಕ್ಕಡಿಗೆ ಅಂಟಿಸಿದ ಹುಣಸೆಹಣ್ಣು ನಿಮಗೆ ನೆನಪಿದೆ. ನೀವು ಚಿಕ್ಕವರಿದ್ದಾಗ ಆಷಾಢದಲ್ಲಿ ನಿಮ್ಮ ಮನೆಯ ಅಕ್ಕಿ ಯಾರ ಪುಸ್ತಕದಲ್ಲಿತ್ತು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.